ಹಸಿರು ಕಂಡಲ್ಲೆಲ್ಲ ಕಾಲಿಡಬೇಡಿ: ವಾಟರ್‌ಲ್ಯಾಂಡ್‌ನಲ್ಲಿ ಒಂದು ದಿನದ ನಡಿಗೆ

ಪ್ರಶ್ನೆ: ನಾವು ಮೈಸೂರಿನವರು. ಮಗಳು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿದ್ದಾಳೆ. ಏಪ್ರಿಲ್ ಕೊನೆಯಿಂದ ಆರು ವಾರ ಅವಳ ಮನೆಯಲ್ಲಿ ಇರುತ್ತೇವೆ. ನನಗೆ 62, ಯಜಮಾನರಿಗೆ 68. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವ ಅಭ್ಯಾಸವಿದೆ. ಟುಲಿಪ್ ತೋಟ, ದೋಣಿ ಸುತ್ತಾಟ ಎಲ್ಲ ಮಗಳು ತೋರಿಸುತ್ತಾಳೆ. ನಮಗೆ ಬೇಕಾದದ್ದು ಹುಲ್ಲುಗಾವಲು, ಹಳೆಯ ಹಳ್ಳಿಗಳ ನಡುವೆ ಒಂದು ದಿನದ ನಡಿಗೆ. ವಾರದ ದಿನ ಅವಳು ಆಫೀಸಿಗೆ ಹೋದಾಗ ನಾವಿಬ್ಬರೇ ಹೋಗಿ ಬರುವಂಥದ್ದು. ಎಲ್ಲಿಗೆ ಹೋಗಬೇಕು? ಯಾರದೋ ಹೊಲದಲ್ಲಿ ನಡೆದರೆ ಬೈಯುತ್ತಾರಾ? ಎಲ್ಲಿ ನೋಡಿದರೂ ನೀರು ಅಂತಾರೆ, ಅಪಾಯ ಇಲ್ವಾ? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ಏನು ಮಾಡುವುದು? ಗಾಳಿಗಿರಣಿ ನೋಡಲು ಸಿಗುತ್ತದೆಯಾ?

ಉತ್ತರ: ಇಲ್ಲಿಗೆ ಬರುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ನನ್ನನ್ನು ಕೇಳುವುದು, ಪ್ಯಾರಿಸ್‌ಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾ ಅಂತ. ಹುಲ್ಲುಗಾವಲಲ್ಲಿ ನಡೆಯಬೇಕು ಅಂದವರು ತೀರಾ ಕಡಿಮೆ. ನಾನು ಈ ದೇಶದಲ್ಲಿ ಹದಿನಾರು ವರ್ಷದಿಂದ ನೀರಿನ ಮಟ್ಟ ಅಳೆಯುವ, ಬಸಿಗಾಲುವೆಗಳ ಲೆಕ್ಕ ಹಾಕುವ ಕೆಲಸದಲ್ಲಿದ್ದೇನೆ. ಹಾಗಾಗಿ ನೀವು ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ದಾರಿ. ಆಮ್‌ಸ್ಟರ್‌ಡ್ಯಾಮ್‌ನ ಉತ್ತರಕ್ಕೆ ವಾಟರ್‌ಲ್ಯಾಂಡ್ ಎಂಬ ಸೀಮೆ ಇದೆ. ಅಲ್ಲಿ ಬ್ರೂಕ್ ಎಂಬ ಊರಿನಲ್ಲಿ ಬಸ್ ಇಳಿಯಿರಿ. ಊರು ಸುತ್ತಿ, ಪೂರ್ವಕ್ಕೆ ಜೌಡರ್‌ವೌಡ ಎಂಬ ಪುಟ್ಟ ಹಳ್ಳಿಗೆ ನಡೆಯಿರಿ. ಅಲ್ಲಿಂದ ಉತ್ತರಕ್ಕೆ ತಿರುಗಿ ಮೊನ್ನಿಕೆನ್‌ಡ್ಯಾಮ್ ಎಂಬ ಹಳೆಯ ಬಂದರು ಪಟ್ಟಣ ಸೇರಿರಿ. ಒಟ್ಟು ಎಂಟು ಕಿಲೋಮೀಟರ್ ಆಸುಪಾಸು. ಊರೊಳಗಿನ ಓಡಾಟ ಸೇರಿದರೆ ಹತ್ತು. ನಿಮ್ಮ ಕೆರೆಗೆ ಎರಡು ಸುತ್ತು ಹಾಕಿದಷ್ಟು ಅಂದುಕೊಳ್ಳಿ. ಏರು ಅನ್ನುವುದೇ ಇಲ್ಲ. ಇಡೀ ದಾರಿಯಲ್ಲಿ ನೀವು ಹತ್ತುವ ದೊಡ್ಡ ಎತ್ತರ ಎಂದರೆ ಒಂದು ಸೇತುವೆ. ಅರ್ಧ ದಾರಿಗಿಂತ ಸ್ವಲ್ಪ ಮೊದಲೇ ಜೌಡರ್‌ವೌಡ ಬರುತ್ತದೆ. ಅಲ್ಲಿಗೆ ಮೂರು ಕಿಲೋಮೀಟರ್ ಆಗಿರುತ್ತದೆ. ಯಜಮಾನರಿಗೆ ಸಾಕೆನಿಸಿದರೆ ಬಂದ ದಾರಿಯಲ್ಲೇ ವಾಪಸ್ಸಾಗಬಹುದು.

ಬೇರೆ ಜಾಗ ಯಾಕಲ್ಲ ಅಂತ ನೀವು ಕೇಳುವ ಮೊದಲೇ ಹೇಳುತ್ತೇನೆ. ಕಾಲುವೆಗಳ ಹಳ್ಳಿ ಗೀಟ್‌ಹೋರ್ನ್ ಚೆಂದ, ಆದರೆ ದೂರ. ಮೇ ತಿಂಗಳಲ್ಲಿ ಅಲ್ಲಿ ಜನವೋ ಜನ. ಗಾಳಿಗಿರಣಿಗಳಿರುವ ಜಾನ್ಸೆ ಸ್ಕಾನ್ಸ್ ನೋಡುವ ಜಾಗ, ನಡೆಯುವ ಜಾಗವಲ್ಲ. ವಾಟರ್‌ಲ್ಯಾಂಡ್‌ನಲ್ಲೇ ಕೆಲವರು ಪೂರ್ವಕ್ಕಿರುವ ದೊಡ್ಡ ಸರೋವರದ ಏರಿಯ ಮೇಲಿನ ದಾರಿ ಹೇಳುತ್ತಾರೆ. ನೋಟ ಚೆನ್ನಾಗಿದೆ ನಿಜ. ಆದರೆ ಹೋರ್ನ್ ಎಂಬ ಪಟ್ಟಣದಿಂದ ಆಮ್‌ಸ್ಟರ್‌ಡ್ಯಾಮ್‌ವರೆಗಿನ 33 ಕಿ.ಮೀ. ಏರಿಯನ್ನು ಬಲಪಡಿಸುವ ಕಾಮಗಾರಿ ವರ್ಷಗಟ್ಟಲೆಯಿಂದ ನಡೆದಿದೆ. ಎಲ್ಲಿ ಮುಚ್ಚಿದ್ದಾರೆ, ಎಲ್ಲಿ ತೆರೆದಿದ್ದಾರೆ ಅನ್ನುವುದು ಬದಲಾಗುತ್ತಲೇ ಇರುತ್ತದೆ. ಸಾಲದ್ದಕ್ಕೆ ಏರಿಯ ಮೇಲೆ ರೇಸ್ ಸೈಕಲ್‌ನವರ ಕಾಟ.

ಬ್ರೂಕ್‌ನಿಂದಲೇ ಶುರು ಮಾಡಿ ಅನ್ನುವುದಕ್ಕೆ ಕಾರಣ ಗಾಳಿ. ಈ ದೇಶದಲ್ಲಿ ಗಾಳಿ ಹೆಚ್ಚು ದಿನ ನೈಋತ್ಯದಿಂದ ಬೀಸುತ್ತದೆ. ಪೂರ್ವಕ್ಕೆ ಹೋಗಿ ಉತ್ತರಕ್ಕೆ ತಿರುಗಿದರೆ ಗಾಳಿ ಬೆನ್ನಿಗೆ ಇರುತ್ತದೆ. ಬಯಲಲ್ಲಿ ಒಂದು ಮರವೂ ಅಡ್ಡ ಇರುವುದಿಲ್ಲ. ಎದುರು ಗಾಳಿಯಲ್ಲಿ ಎಂಟು ಕಿಲೋಮೀಟರ್ ಎಂದರೆ ಹನ್ನೆರಡಾದ ಹಾಗೆ ಅನಿಸುತ್ತದೆ. ವಸಂತದಲ್ಲಿ ಒಮ್ಮೊಮ್ಮೆ ಗಾಳಿ ಈಶಾನ್ಯಕ್ಕೆ ತಿರುಗುವುದೂ ಉಂಟು. ಆ ದಿನ ಮೊನ್ನಿಕೆನ್‌ಡ್ಯಾಮ್‌ನಿಂದ ಶುರು ಮಾಡಿ. ಮಗಳ ಫೋನಿನಲ್ಲಿ ಹವಾಮಾನದ ಆಪ್ ಇದ್ದೇ ಇರುತ್ತದೆ. ಮಳೆ ಎಷ್ಟೊತ್ತಿಗೆ, ಎಷ್ಟು ನಿಮಿಷ ಅಂತ ತೋರಿಸುವ ಬಾಯನ್‌ರಾಡಾರ್ ಎನ್ನುವುದೊಂದಿದೆ. ಇಲ್ಲಿನವರು ಪಂಚಾಂಗದಂತೆ ಅದನ್ನು ನೋಡುತ್ತಾರೆ. ಛತ್ರಿ ತರಬೇಡಿ, ಮಡಿಚಿಕೊಂಡು ಹೋಗುತ್ತದೆ. ಟೋಪಿ ಇರುವ ಮಳೆ ಕೋಟು ತನ್ನಿ. ಮೇ ತಿಂಗಳ ಮಧ್ಯಾಹ್ನ 17-18 ಡಿಗ್ರಿ ಇದ್ದರೂ ಗಾಳಿಗೆ ಕಿವಿ ತಣ್ಣಗಾಗುತ್ತದೆ. ಮೈಸೂರಿನವರಿಗೆ ಮಫ್ಲರ್ ಬೇಕೇ ಬೇಕು.

ಹೋಗುವುದು ಸುಲಭ. ಆಮ್‌ಸ್ಟೆಲ್‌ವೇನ್‌ನಿಂದ 25ನೇ ಟ್ರಾಮ್ ಹಿಡಿದು ಜೌಡ್ ನಿಲ್ದಾಣ. ಅಲ್ಲಿಂದ 52ನೇ ಮೆಟ್ರೋದಲ್ಲಿ ಸೆಂಟ್ರಾಲ್, ಅಂದರೆ ಆಮ್‌ಸ್ಟರ್‌ಡ್ಯಾಮ್‌ನ ಮುಖ್ಯ ರೈಲು ನಿಲ್ದಾಣ. ಸೆಂಟ್ರಾಲ್ ನಿಲ್ದಾಣದ ಹಿಂಬದಿಗೆ, ಅಂದರೆ ನೀರು ಕಾಣುವ ಕಡೆಗೆ, ಮೇಲಿನ ಮಹಡಿಯಲ್ಲಿ ಬಸ್ ನಿಲ್ದಾಣವಿದೆ. ಬ್ರೂಕ್ ಮೇಲೆ ಹೋಗುವ ಮೊನ್ನಿಕೆನ್‌ಡ್ಯಾಮ್, ಎಡಾಮ್, ಮಾರ್ಕೆನ್ ಕಡೆಯ ಬಸ್ಸುಗಳು ಅಲ್ಲಿಂದ ಹೊರಡುತ್ತವೆ. ಟಿಕೆಟ್ ಬೇಡ, ಬ್ಯಾಂಕ್ ಕಾರ್ಡು ಮುಟ್ಟಿಸಿದರೆ ಸಾಕು. ಹತ್ತುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ. ಇಳಿಯುವಾಗ ಮರೆತರೆ ಜಾಸ್ತಿ ದುಡ್ಡು ಕಡಿದುಕೊಳ್ಳುತ್ತದೆ. ಇಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು ಅನ್ನುವುದು ನೆನಪಿರಲಿ.

ಬ್ರೂಕ್ ಎಂದರೆ ಹಳೆಯ ಡಚ್ಚಿನಲ್ಲಿ ಜೌಗು ನೆಲ. ಇವತ್ತಿನ ಡಚ್ಚಿನಲ್ಲಿ ಅದೇ ಪದಕ್ಕೆ ಪ್ಯಾಂಟು ಎಂಬ ಅರ್ಥವೂ ಇದೆ. ಹಾಗಾಗಿ ಮೊಮ್ಮಕ್ಕಳಿದ್ದರೆ ಊರಿನ ಹೆಸರು ಕೇಳಿ ನಗುತ್ತಾರೆ. ಊರಿನ ನಡುವೆ ಒಂದು ಕೊಳ. ಅದರ ಸುತ್ತ ಮರದ ಮನೆಗಳು. ತಿಳಿ ಬೂದು, ತಿಳಿ ಹಸಿರು, ಕೆನೆ ಬಣ್ಣ. ಆ ಬೂದಿಗೆ ಊರಿನ ಹೆಸರೇ ಇದೆ, ಬ್ರೂಕರ್ ಬೂದು ಅಂತ. ಮನೆಗಳು ಮರದವು ಯಾಕೆ ಅಂತ ಕೇಳಿಕೊಳ್ಳಿ. ಈ ಊರಿನವರಿಗೆ ಇಟ್ಟಿಗೆ ಕೊಳ್ಳಲು ಹಣವಿರಲಿಲ್ಲ ಅಂತಲ್ಲ. 17ನೇ ಶತಮಾನದಲ್ಲಿ ಇಲ್ಲಿ ಹಡಗಿನ ವ್ಯಾಪಾರ ಮಾಡಿದ ಸಾಹುಕಾರರಿದ್ದರು. ಇಟ್ಟಿಗೆಯ ಭಾರವನ್ನು ಈ ನೆಲ ತಡೆಯುವುದಿಲ್ಲ, ಅಷ್ಟೇ. ಮರ ಹಗುರ.

ಬ್ರೂಕ್ ಒಂದು ಕಾಲಕ್ಕೆ ಶುಚಿತ್ವಕ್ಕೆ ಯುರೋಪಿನಲ್ಲೆಲ್ಲ ಹೆಸರಾಗಿತ್ತು. 1811ರಲ್ಲಿ ನೆಪೋಲಿಯನ್ ಬಂದಿದ್ದ. ಊರೊಳಗೆ ಬರುವ ಮೊದಲು ಬೂಟು ಬಿಚ್ಚಿಸಿದರು ಎಂದು ಕಥೆ ಹೇಳುತ್ತಾರೆ. ಡಚ್ಚರು ಇದನ್ನು ದೊಡ್ಡ ಸಾಹಸ ಎಂಬಂತೆ ಹೇಳುತ್ತಾರೆ. ನಮಗೆ ಅದರಲ್ಲಿ ಏನು ವಿಶೇಷ ಅನಿಸುತ್ತದೆ, ಅಲ್ವಾ? ಕೊಳದ ದಡದಲ್ಲಿ ಪುಟ್ಟ ಮಂಟಪದಂಥ ಬಿಳಿ ಮನೆಯೊಂದಿದೆ. 1656ರದು. ಅದನ್ನು ಈಗಲೂ ನೆಪೋಲಿಯನ್ ಮನೆ ಅಂತಲೇ ಕರೆಯುತ್ತಾರೆ. ಊರಿನ ಚರ್ಚನ್ನು 1573ರಲ್ಲಿ ಸ್ಪೇನ್ ಸೈನಿಕರು ಸುಟ್ಟರು. ಈಗ ಕಾಣುವುದು ಆಮೇಲೆ ಕಟ್ಟಿದ್ದು. ಊರಿಗೆ ಒಂದು ಗಂಟೆ ಕೊಡಿ. ಹೊರಡುವ ಮೊದಲು ಯಾವುದಾದರೂ ಕೆಫೆಯಲ್ಲಿ ಕಾಫಿ ಕುಡಿದು ಶೌಚಾಲಯ ಮುಗಿಸಿಕೊಳ್ಳಿ. ದಾರಿಯಲ್ಲಿ ಸಿಗುತ್ತದೆ ಅಂತ ನಂಬಬೇಡಿ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಊರು ದಾಟಿದ ಕೂಡಲೇ ಹುಲ್ಲು, ನೀರು, ಹುಲ್ಲು, ನೀರು. ಅಡಿಕೋಲು ಇಟ್ಟು ಗೆರೆ ಎಳೆದ ಹಾಗೆ ಉದ್ದುದ್ದ ಪಟ್ಟಿಗಳು. ಬಂದವರು ಇದನ್ನು ನೋಡಿ 'ಪ್ರಕೃತಿ ಎಷ್ಟು ಚೆಂದ' ಅನ್ನುತ್ತಾರೆ. ಇದರಲ್ಲಿ ಪ್ರಕೃತಿ ಕಡಿಮೆ, ಕೂಲಿ ಕೆಲಸ ಜಾಸ್ತಿ. ನೀವು ಮನೆಯಲ್ಲಿ ಕುಂಡಗಳಿಗೆ ಕೋಕೋಪೀಟ್ ಹಾಕುತ್ತೀರಲ್ಲ, ಆ ಪದದಲ್ಲಿರುವ ಪೀಟ್ ಇದೇ ಮಣ್ಣು. ಜೊಂಡು, ಪಾಚಿ, ಮರದ ಬೇರು ಎಲ್ಲ ನೀರಲ್ಲಿ ಮುಳುಗಿ, ಗಾಳಿ ತಗಲದೆ, ಕೊಳೆಯದೆ, ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದ ಕಪ್ಪು ನೆಲ. ಕಾಲಿಟ್ಟರೆ ಹಾಸಿಗೆಯ ಹಾಗೆ ಸ್ವಲ್ಪ ಕುಣಿಯುತ್ತದೆ.

ಸಾವಿರ ವರ್ಷದ ಹಿಂದೆ ಈ ನೆಲ ಸಮುದ್ರ ಮಟ್ಟಕ್ಕಿಂತ ಮೇಲೆ ಉಬ್ಬಿಕೊಂಡಿತ್ತು. ಬೇಸಾಯಕ್ಕೆಂದು ಬಂದವರು ಬಸಿಗಾಲುವೆ ತೋಡಿದರು, ನೀರು ಹೊರಗೆ ಹರಿಯಿತು, ಧಾನ್ಯ ಬೆಳೆದರು. ಅಲ್ಲಿಂದ ಶುರುವಾಯಿತು ತೊಂದರೆ. ನೀರು ಹೋದ ಪೀಟ್ ಎರಡು ಕೆಲಸ ಮಾಡುತ್ತದೆ. ಒಂದು, ಹಿಂಡಿದ ಸ್ಪಂಜಿನಂತೆ ಕುಗ್ಗುತ್ತದೆ. ಎರಡು, ಗಾಳಿ ತಗಲಿ ಕೊಳೆಯುತ್ತದೆ. ಕೊಳೆತದ್ದು ಇಂಗಾಲದ ಡೈಆಕ್ಸೈಡ್ ಆಗಿ ಆಕಾಶಕ್ಕೆ ಹೋಗುತ್ತದೆ. ಅಂದರೆ ನೆಲವೇ ಹಾರಿಹೋಗುತ್ತದೆ. ನೆಲ ಇಳಿದಂತೆ ಮತ್ತೆ ಜೌಗಾಯಿತು. ಮತ್ತೆ ಆಳಕ್ಕೆ ತೋಡಿದರು. ಮತ್ತೆ ಇಳಿಯಿತು. ಧಾನ್ಯ ಬೆಳೆಯಲಾಗದಷ್ಟು ಒದ್ದೆಯಾದಾಗ ದನ ಸಾಕಲು ತೊಡಗಿದರು. ಹಾಲು, ಬೆಣ್ಣೆ, ಗಿಣ್ಣಿನಂಥ ಚೀಸ್ ಬಂದದ್ದು ಹೀಗೆ. ಇಂದು ಈ ಹುಲ್ಲುಗಾವಲು ಸಮುದ್ರ ಮಟ್ಟಕ್ಕಿಂತ ಒಂದೂವರೆ ಮೀಟರ್‌ನಷ್ಟು ಕೆಳಗಿದೆ. ಆಳಕ್ಕೆ ಬಸಿದ ಕಡೆ ಈಗಲೂ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇಳಿಯುತ್ತಿದೆ. ಒಂದು ಸೆಂಟಿಮೀಟರ್ ಏನು ಮಹಾ ಅನಿಸಬಹುದು. ನಿಮ್ಮ ಮಗಳ ವಯಸ್ಸಿನಿಂದ ಗುಣಿಸಿ ನೋಡಿ.

ಇಷ್ಟು ಗೊತ್ತಿದ್ದರೆ ನಡಿಗೆಯಲ್ಲಿ ಮಾಡಲು ಒಂದು ಕೆಲಸ ಸಿಗುತ್ತದೆ. ಪ್ರತಿ ಕಾಲುವೆ ಬಂದಾಗ ನಿಂತು ನೋಡಿ: ನೀರು ಹುಲ್ಲಿನಿಂದ ಎಷ್ಟು ಕೆಳಗಿದೆ? ಮೊಣಕಾಲುದ್ದ ಕೆಳಗಿದ್ದರೆ, ಹುಲ್ಲು ಒಂದೇ ಬಣ್ಣದ ಕಡು ಹಸಿರಾಗಿದ್ದರೆ, ಹೂವೇ ಇಲ್ಲದಿದ್ದರೆ, ಅದು ಹಾಲಿನ ಉತ್ಪಾದನೆಗೆ ಒಣಗಿಸಿಟ್ಟ ಹೊಲ. ಟ್ರ್ಯಾಕ್ಟರ್ ಹೂತುಕೊಳ್ಳದಿರಲು ರೈತರಿಗೆ ಹಾಗೆ ಬೇಕು. ನೀರು ಹುಲ್ಲಿನ ಅಂಚಿಗೆ ಗೇಣುದ್ದದಲ್ಲಿ ಇದ್ದರೆ, ನಡುನಡುವೆ ತಿಳಿ ನೇರಳೆ ಹೂ, ಹಳದಿ ಹೂ, ಕೆಂಪು ಛಾಯೆ ಕಂಡರೆ, ಅಲ್ಲಿ ನೀರನ್ನು ಬೇಕೆಂದೇ ಮೇಲೆ ಇಟ್ಟಿದ್ದಾರೆ. ಎರಡು ಹೊಲದ ನಡುವೆ ಒಂದು ಚಿಕ್ಕ ಹಲಗೆ ತೂಬು ಇರುತ್ತದೆ. ಅದರ ಆಚೆ ಈಚೆ ನೀರಿನ ಎತ್ತರ ಬೇರೆ. ಈ ದೇಶದ ಅರ್ಧ ಜಗಳ ಆ ಹಲಗೆಯ ಎತ್ತರದ ಮೇಲೆಯೇ. ರೈತ ಇಳಿಸಿ ಅನ್ನುತ್ತಾನೆ, ಹಕ್ಕಿಯವರು ಏರಿಸಿ ಅನ್ನುತ್ತಾರೆ, ಹವಾಮಾನ ಬದಲಾವಣೆಯ ಚಿಂತೆ ಇರುವವರೂ ಏರಿಸಿ ಅನ್ನುತ್ತಾರೆ. ತೀರ್ಮಾನ ಮಾಡುವುದು ನೀರು ಮಂಡಳಿ. ಅದಕ್ಕೆ ಬೇರೆಯೇ ಚುನಾವಣೆ, ಬೇರೆಯೇ ತೆರಿಗೆ. ಇಂಥ ಮಂಡಳಿಗಳು 13ನೇ ಶತಮಾನದಿಂದ ಇವೆ. ನಿಮ್ಮ ಮಗಳೂ ಆ ತೆರಿಗೆ ಕಟ್ಟುತ್ತಾಳೆ, ಕೇಳಿ ನೋಡಿ.

ನಾನು ಮೂಲತಃ ಕುಮಟಾ ಕಡೆಯವನು. ಅಘನಾಶಿನಿಯ ಗಜನಿ ಭೂಮಿಯಲ್ಲಿ ಉಪ್ಪುನೀರು ಒಳಗೆ ಬಿಡುವುದು, ಹೊರಗೆ ಬಿಡುವುದು, ಒಡ್ಡು ಕಾಯುವುದು ನೋಡುತ್ತಲೇ ಬೆಳೆದವನು. ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲ ಗೊತ್ತು ಅನ್ನುವ ಗರ್ವ ಇತ್ತು. ಮೊದಲ ಬೇಸಿಗೆಯಲ್ಲೇ ಅದು ಇಳಿಯಿತು. ಒಂದು ಜುಲೈ ಮಧ್ಯಾಹ್ನ ಅಡ್ಡದಾರಿ ಹಿಡಿಯೋಣ ಅಂತ ಹಸಿರು ಹುಲ್ಲಿನ ಮೇಲೆ ಕಾಲಿಟ್ಟೆ. ಹುಲ್ಲಲ್ಲ ಅದು. ಕಾಲುವೆಯ ಮೇಲೆ ಪೂರ್ತಿ ಮುಚ್ಚಿಕೊಂಡ ನೀರಪಾಚಿ. ಸೊಂಟದವರೆಗೆ ಇಳಿದೆ. ತಳದಲ್ಲಿ ಕೆಸರು, ಕಾಲು ಬರಲೊಲ್ಲದು. ಒಂದು ಶೂ ಇನ್ನೂ ಅಲ್ಲೇ ಇದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಪಕ್ಕ ಯಾರೂ ಕೂರಲಿಲ್ಲ.

ಹಾಗಾಗಿ ನಿಮ್ಮ ಅಪಾಯದ ಪ್ರಶ್ನೆಗೆ ಉತ್ತರ: ದಾರಿ ಬಿಡದಿದ್ದರೆ ಅಪಾಯ ಇಲ್ಲ. ಕಾಲುವೆಗಳಿಗೆ ಬೇಲಿ ಇರುವುದಿಲ್ಲ, ಬೋರ್ಡೂ ಇರುವುದಿಲ್ಲ. ಇಲ್ಲಿನ ಮಕ್ಕಳು ಬಟ್ಟೆ ಹಾಕಿಕೊಂಡೇ ನೀರಿಗೆ ಬಿದ್ದು ಈಜುವುದನ್ನು ಕಲಿಯುತ್ತಾರೆ, ಅದೂ ಪರೀಕ್ಷೆ ಕಟ್ಟಿ. ನೀವು ಬರುವ ಏಪ್ರಿಲ್-ಮೇ ಹೊತ್ತಿಗೆ ಆ ಪಾಚಿ ಅಷ್ಟಾಗಿ ಕಟ್ಟಿರುವುದಿಲ್ಲ. ಆದರೂ ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಬಿದ್ದವರಲ್ಲಿ ಹೆಚ್ಚಿನವರು ಬಿದ್ದದ್ದು ಹೀಗೆ. ಅನಾಹುತವೇ ಆದರೆ 112ಕ್ಕೆ ಫೋನ್ ಮಾಡಿ, ಇಂಗ್ಲಿಷ್ ನಡೆಯುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಸೈಕಲ್ ಬಗ್ಗೆ ಮತ್ತು ಉಣುಗಿನ ಬಗ್ಗೆ. ಬಹುಪಾಲು ದಾರಿ ಕಿರಿದಾದ ಹಳ್ಳಿ ರಸ್ತೆ ಅಥವಾ ಸೈಕಲ್ ದಾರಿ. ಇಬ್ಬರೂ ಅಕ್ಕಪಕ್ಕ ಮಾತಾಡುತ್ತಾ ದಾರಿ ತುಂಬಾ ನಡೆಯುವುದು ಬೇಡ. ಗಂಟೆ ಸದ್ದು ಕೇಳಿದರೆ ಅತ್ತಿತ್ತ ಓಡಬೇಡಿ, ಒಂದೇ ಕಡೆ ಸರಿದು ನಿಲ್ಲಿ. ವಾರದ ದಿನ ಹೋಗುವುದರಿಂದ ಅರ್ಧ ಕಾಟ ತಪ್ಪುತ್ತದೆ. ಇನ್ನು ಉಣುಗು. ಮಲೆನಾಡಿನವರಿಗೆ ಮಂಗನ ಕಾಯಿಲೆಯ ಉಣುಗು ಗೊತ್ತು. ಇಲ್ಲಿನದು ಹರಡುವುದು ಲೈಮ್ ಎಂಬ ಬೇರೆ ಕಾಯಿಲೆ. ಎತ್ತರದ ಹುಲ್ಲಿನಿಂದ ಕಾಲಿಗೆ ಹತ್ತುತ್ತದೆ. ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ. ಸೀರೆ ಬೇಡ, ಚೂಡಿದಾರ್ ಅಥವಾ ಪ್ಯಾಂಟು ವಾಸಿ. ಮನೆಗೆ ಬಂದು ಸ್ನಾನ ಮಾಡುವಾಗ ಮಂಡಿಯ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಬುಡದಲ್ಲಿ ಹಿಡಿದು ನೇರ ಎಳೆದರೆ ಬರುತ್ತದೆ. ಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ಮಾಡಬೇಡಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಉಂಗುರ ಹರಡಿದರೆ ಡಾಕ್ಟರಿಗೆ ತೋರಿಸಿ.

ಯಾರದೋ ಹೊಲದ ಪ್ರಶ್ನೆ ಒಳ್ಳೆಯದು. ಇಂಗ್ಲೆಂಡಿನಲ್ಲಿ ಹೊಲಗಳ ನಡುವೆ ಹಳೆಯ ಕಾಲುದಾರಿಯ ಹಕ್ಕು ಇರುತ್ತದೆ. ಇಲ್ಲಿ ಹಾಗಿಲ್ಲ. ಹುಲ್ಲುಗಾವಲಿನ ಮೂಲಕ ದಾರಿ ಇದ್ದರೆ ಅದು ರೈತರೋ ನಿಸರ್ಗ ಸಂಸ್ಥೆಯವರೋ ಒಪ್ಪಿ ತೆರೆದದ್ದು. ನಡೆಯುವವರಿಗಾಗಿ ಮರದ ಗೂಟಗಳ ಮೇಲೆ ಅಂಕಿ ಬರೆದಿರುತ್ತಾರೆ. ಒಂದು ಅಂಕಿಯಿಂದ ಇನ್ನೊಂದಕ್ಕೆ ಬಾಣದ ಗುರುತು. ಮಗಳ ಹತ್ತಿರ ಮನೆಯಲ್ಲೇ ನಕ್ಷೆ ನೋಡಿ ಅಂಕಿಗಳ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಂಡುಬಿಡಿ, ಸಾಕು. ಗೇಟಿನ ಮೇಲೆ ಫೆರ್‌ಬೋಡೆನ್ ಟೂಗಾಂಗ್ ಎಂದು ಬರೆದು ಪಕ್ಕದಲ್ಲಿ 461 ಎಂಬ ಅಂಕಿ ಇದ್ದರೆ ಒಳಗೆ ಹೋಗಬೇಡಿ. ಅದು ಅತಿಕ್ರಮ ಪ್ರವೇಶದ ಕಾನೂನಿನ ಕಲಂ. ನೀವು ಗೇಟು ತೆರೆದು ದಾಟಿದರೆ ಹಿಂದೆ ತಿರುಗಿ ಹಾಕಿ. ಬೈಗುಳ ಬೀಳುವುದು ಹೆಚ್ಚಾಗಿ ಗೇಟು ಹಾಕದವರಿಗೆ. ಕಡಸುಗಳು ಕುತೂಹಲಕ್ಕೆ ಹಿಂದೆ ಹಿಂದೆ ಬರುತ್ತವೆ. ಸುಮ್ನೆ ನಡೆಯುತ್ತಿರಿ. ಕರುವಿನ ಪಕ್ಕ ಮಾತ್ರ ಹೋಗಬೇಡಿ.

ಇನ್ನೊಂದು ವಿಷಯ. ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಕೆಲವು ಹುಲ್ಲಿನ ದಾರಿಗಳನ್ನು ಮುಚ್ಚುತ್ತಾರೆ. ನೀವು ಬರುವುದು ಸರಿಯಾಗಿ ಆಗಲೇ. ಹಕ್ಕಿಗಳು ನೆಲದ ಮೇಲೆ ಮೊಟ್ಟೆಯಿಡುವ ಕಾಲ ಅದು. ದಾರಿ ಮುಚ್ಚಿದ್ದರೆ ರಸ್ತೆಯಲ್ಲೇ ನಡೆಯಿರಿ, ಕಳೆದುಕೊಳ್ಳುವುದು ಏನೂ ಇಲ್ಲ. ಹಕ್ಕಿ ರಸ್ತೆಯಿಂದಲೇ ಕಾಣುತ್ತದೆ.

ಯಾವ ಹಕ್ಕಿ? ಮೊದಲು ಕೇಳಿಸುವುದು ಟಿಟ್ಟಿಭದ ನಂಟ. ತಲೆಯ ಮೇಲೆ ಜುಟ್ಟು, ರೆಕ್ಕೆ ಅಗಲ, ಆಕಾಶದಲ್ಲಿ ಪಲ್ಟಿ ಹೊಡೆಯುತ್ತಾ ಕೀ-ವೀತ್ ಅನ್ನುತ್ತದೆ. ಇಲ್ಲಿ ಅದರ ಹೆಸರೂ ಕೀವಿತ್. ನಮ್ಮ ಟಿಟ್ಟಿಭದ ಹಾಗೆಯೇ ಗಲಾಟೆ. ಇನ್ನೊಂದು ಗ್ರುಟ್ಟೊ. ಗೊರವದ ಜಾತಿಯ ಉದ್ದ ಕಾಲು, ಉದ್ದ ನೇರ ಕೊಕ್ಕಿನ ಹಕ್ಕಿ. ವಸಂತದಲ್ಲಿ ಕತ್ತು, ಎದೆ ಇಟ್ಟಿಗೆ ಕೆಂಪು. ಬೇಲಿ ಗೂಟದ ಮೇಲೆ ನಿಂತು ತನ್ನ ಹೆಸರನ್ನು ತಾನೇ ಕೂಗುತ್ತದೆ. 2015ರಲ್ಲಿ ಇದನ್ನು ಡಚ್ಚರು ರಾಷ್ಟ್ರಪಕ್ಷಿ ಎಂದು ಆರಿಸಿದರು. ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೂ ಇದೇ ಜಾತಿಯ ಹಕ್ಕಿ ಬರುತ್ತದೆ. ಆದರೆ ಅವು ಏಷ್ಯಾದ ಉತ್ತರ ಭಾಗದವು. ಇಲ್ಲಿನವು ಚಳಿಗೆ ಹೋಗುವುದು ಸ್ಪೇನ್, ಪೋರ್ಚುಗಲ್, ಪಶ್ಚಿಮ ಆಫ್ರಿಕಾ ಕಡೆಗೆ. ಗ್ರುಟ್ಟೊ ತನ್ನ ಉದ್ದ ಕೊಕ್ಕನ್ನು ಒದ್ದೆ ಮಣ್ಣಿಗೆ ಚುಚ್ಚಿ ಎರೆಹುಳ ಹಿಡಿಯುತ್ತದೆ. ನೆಲ ಒಣಗಿದರೆ ಕೊಕ್ಕು ಇಳಿಯುವುದಿಲ್ಲ. ಹುಲ್ಲನ್ನು ಬೇಗ ಕತ್ತರಿಸಿದರೆ ಮರಿಗೆ ಅಡಗಲು ಜಾಗವಿಲ್ಲ, ತಿನ್ನಲು ಹುಳವಿಲ್ಲ. ಅದಕ್ಕೇ ಹಕ್ಕಿ ಕಡಿಮೆಯಾಗುತ್ತಾ ಬಂದಿದೆ. ಕೆಲವು ರೈತರು ಪರಿಹಾರ ಹಣ ಪಡೆದು ಜೂನ್‌ವರೆಗೆ ಹುಲ್ಲು ಕತ್ತರಿಸುವುದಿಲ್ಲ, ಹೊಲದ ಮೂಲೆಯಲ್ಲಿ ತೆಳ್ಳಗೆ ನೀರು ನಿಲ್ಲಿಸುತ್ತಾರೆ. ಅಂಥ ಮೂಲೆ ಕಂಡರೆ ಹತ್ತು ನಿಮಿಷ ನಿಲ್ಲಿ. ದುರ್ಬೀನು ಇದ್ದರೆ ತನ್ನಿ.

ಜೌಡರ್‌ವೌಡ ತೀರಾ ಸಣ್ಣದು. ಒಂದು ಬೀದಿ, ಒಂದು ಚರ್ಚು, ಕೆಲವು ತೋಟದ ಮನೆಗಳು. ಹೆಸರಿಗೆ ತೆಂಕಣ ಕಾಡು ಎಂದರ್ಥ. ಈಗ ಸುತ್ತ ಕಾಡಿನ ಸುಳಿವೂ ಇಲ್ಲ. ಇಲ್ಲಿನ ರೈತರ ಮನೆಗಳನ್ನು ಗಮನಿಸಿ. ಚೌಕಾಕಾರದ ಕಟ್ಟಡದ ಮೇಲೆ ಪಿರಮಿಡ್ಡಿನಂಥ ದೊಡ್ಡ ಸೂರು. ಒಳಗೆ ನಟ್ಟನಡುವೆ ಒಣಹುಲ್ಲಿನ ರಾಶಿ, ಸುತ್ತ ಒಂದು ಕಡೆ ದನ, ಒಂದು ಕಡೆ ಜನ. ಎಲ್ಲ ಒಂದೇ ಸೂರಿನಡಿ. ಸ್ಟೋಲ್ಪ್ ಎನ್ನುತ್ತಾರೆ. ಕೆಲವು ಕಡೆ ಮನೆ ಮುಂದೆ ಪುಟ್ಟ ಗೂಡಂಗಡಿ ಇರುತ್ತದೆ. ಜಾಮ್, ಮೊಟ್ಟೆ, ತರಕಾರಿ ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ. ಕಾಯುವವರು ಯಾರೂ ಇರುವುದಿಲ್ಲ. ಚಿಲ್ಲರೆ ಇಟ್ಟುಕೊಂಡಿರಿ, ಅಲ್ಲಿ ಕಾರ್ಡು ನಡೆಯದಿರಬಹುದು. ಪಟ್ಟಣದ ಕೆಲವು ಅಂಗಡಿಗಳಲ್ಲಿ ಇದಕ್ಕೆ ಉಲ್ಟಾ, ನೋಟು ಕೊಟ್ಟರೆ ಬೇಡ ಅನ್ನುತ್ತಾರೆ.

ಗಾಳಿಗಿರಣಿ ಈ ದಾರಿಯಲ್ಲಿ ಹುಡುಕಬೇಡಿ, ನಿರಾಸೆಯಾಗುತ್ತದೆ. ನೀರೆತ್ತುವ ಕೆಲಸ ಗಾಳಿಯಿಂದ ಹಬೆಗೆ, ಹಬೆಯಿಂದ ವಿದ್ಯುತ್ತಿಗೆ ಹೋಗಿ ಬಹಳ ಕಾಲವಾಯಿತು. ಈಗ ಅದನ್ನು ಮಾಡುವುದು ಸಣ್ಣ ಇಟ್ಟಿಗೆ ಶೆಡ್ಡಿನಂಥ ಪಂಪ್‌ಹೌಸುಗಳು. ಹತ್ತಿರ ಹೋದರೆ ಗುಂಯ್ ಅನ್ನುವ ಸದ್ದು. ನನಗೇನೋ ಗಿರಣಿಗಿಂತ ಅವೇ ಇಷ್ಟ, ಆದರೆ ಅದು ನನ್ನ ಕಸುಬಿನ ದೋಷ. ಬ್ರೂಕ್ ಸುತ್ತ ಇನ್ನೂ ಆಳದ ಹೊಲಗಳಿವೆ. ಅವು 1620ರ ದಶಕದಲ್ಲಿ ಗಾಳಿಗಿರಣಿ ಇಟ್ಟು ಬತ್ತಿಸಿದ ಕೆರೆಗಳು. ಅವುಗಳ ಸುತ್ತಲಿನ ಏರಿಯ ಮೇಲೆ ನಿಂತರೆ ಒಂದು ಕಡೆ ಹಳೆಯ ಹುಲ್ಲುಗಾವಲು, ಇನ್ನೊಂದು ಕಡೆ ಮೂರು ಮೀಟರ್‌ನಷ್ಟು ಕೆಳಗೆ ಕೆರೆಯ ತಳ. ನೀವು ವಿಮಾನ ಇಳಿಯುವ ಸ್ಕಿಪೋಲ್ ಕೂಡ ಹಾಗೇ, 1852ರಲ್ಲಿ ಹಬೆ ಪಂಪಿನಿಂದ ಬತ್ತಿಸಿದ ಸರೋವರದ ತಳ.

ಜೌಡರ್‌ವೌಡದಿಂದ ಉತ್ತರಕ್ಕೆ ನಡೆಯುವಾಗ ಬಲಕ್ಕೆ ದೂರದಲ್ಲಿ ಏರಿಯ ಗೆರೆ ಕಾಣುತ್ತದೆ. ಅದರಾಚೆ ಈಗ ಸಿಹಿನೀರಿನ ಸರೋವರ. ಮೊದಲು ಅದು ಜೌಡರ್‌ಜೇ ಎಂಬ ಕಡಲು. 1916ರ ಜನವರಿ 13ರ ರಾತ್ರಿ ಬಿರುಗಾಳಿಗೆ ಏರಿಗಳು ಒಡೆದವು. ಈ ಹುಲ್ಲುಗಾವಲೆಲ್ಲ ಕಡಲಾಯಿತು. ಎದುರಿನ ಮಾರ್ಕೆನ್ ದ್ವೀಪದಲ್ಲಿ 16 ಜನ ಸತ್ತರು. ಕಡಲಿಗೇ ಅಡ್ಡ ಕಟ್ಟುವ ಯೋಜನೆ ಕಾರ್ನೆಲಿಸ್ ಲೆಲಿ ಎಂಬ ಇಂಜಿನಿಯರ್ ಬಳಿ 1891ರಿಂದಲೇ ಇತ್ತು, ಯಾರೂ ಅವಸರ ಮಾಡಿರಲಿಲ್ಲ. ಪ್ರವಾಹವಾದ ಎರಡೇ ವರ್ಷಕ್ಕೆ, 1918ರಲ್ಲಿ, ಕಾಯಿದೆ ಆಯಿತು. 1932ರಲ್ಲಿ 32 ಕಿ.ಮೀ. ಉದ್ದದ ಏರಿ ಮುಚ್ಚಿ ಕಡಲು ಕೆರೆಯಾಯಿತು. ಹಳ್ಳಿಗಳು ಉಳಿದವು. ಮೀನುಗಾರರ ಹೊಟ್ಟೆಪಾಡು ಹೋಯಿತು.

ಆ ಮೀನುಗಾರರ ಊರುಗಳಲ್ಲಿ ಒಂದು ನೀವು ಸೇರುವ ಮೊನ್ನಿಕೆನ್‌ಡ್ಯಾಮ್. ಹೆಸರು ಸನ್ಯಾಸಿಗಳ ಅಣೆಕಟ್ಟು ಅಂತ. ಕಲ್ಲು ಹಾಸಿದ ಬೀದಿ, ಮುಂದಕ್ಕೆ ಸ್ವಲ್ಪ ವಾಲಿದ ಮನೆಗಳು, ಹಿಂದೆ ಸರಕು ತೂಗುತ್ತಿದ್ದ ತೂಕದ ಮನೆ, ಬಂದರು. ಬಂದರಿನ ಬಳಿ ಹೊಗೆಯಲ್ಲಿ ಸುಟ್ಟ ಹಾವುಮೀನಿನ ವಾಸನೆ ಬರುತ್ತದೆ. ನಿಮಗೆ ಅದು ಹಿಡಿಸಲಿಕ್ಕಿಲ್ಲ, ಬೇಗ ದಾಟಿ.

ಊಟದ ವಿಷಯಕ್ಕೆ ಬಂದರೆ, ಬುತ್ತಿ ಕಟ್ಟಿಕೊಂಡು ಹೋಗಿ. ನಾಚಿಕೆ ಬೇಡ, ಡಚ್ಚರೂ ಬ್ರೆಡ್ಡು ಕಟ್ಟಿಕೊಂಡೇ ನಡೆಯುತ್ತಾರೆ. ಚಪಾತಿ ಪಲ್ಯ, ಅಥವಾ ಪುಳಿಯೋಗರೆ. ಚರ್ಚಿನ ಹತ್ತಿರ ಬೆಂಚುಗಳು ಸಿಗುತ್ತವೆ. ಕೇಕು, ಪ್ಯಾನ್‌ಕೇಕು ಎಲ್ಲದರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಪೊಫರ್ಚೆಸ್ ಎಂಬುದು ನೋಡಲು ಥೇಟ್ ನಮ್ಮ ಪಡ್ಡು, ಹಂಚೂ ಹಾಗೆಯೇ. ಮೊಟ್ಟೆ ಇದೆಯಾ ಅಂತ ಕೇಳದೆ ಬಾಯಿಗೆ ಹಾಕಬೇಡಿ. ಬಟಾಣಿ ಸೂಪು ಸಸ್ಯಾಹಾರ ಅನಿಸುತ್ತದೆ, ಅಲ್ಲ, ಹಂದಿ ಮಾಂಸ ಇರುತ್ತದೆ. ಚೀಸ್ ಬ್ರೆಡ್ಡು ಎಲ್ಲ ಕಡೆ ಸಿಗುತ್ತದೆ. ಆದರೆ ಹಳೆಯ ಬಗೆಯ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಮಾಡುತ್ತಾರೆ. ನಿಮಗೆ ಅದು ಆಗುವುದಿಲ್ಲ ಎಂದಾದರೆ ಸಸ್ಯಾಹಾರಿ ಹೆಪ್ಪಿನದು ಕೇಳಿ, ಅದೂ ಸಿಗುತ್ತದೆ. ಒಂದು ಸಂತೋಷದ ಸುದ್ದಿ: ಕಾರ್ನೆಮೆಲ್ಕ್. ಡಬ್ಬಿಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಮಜ್ಜಿಗೆ. ಉಪ್ಪಿಲ್ಲ, ಸ್ವಲ್ಪ ಗಟ್ಟಿ. ಒಂದು ಚೀಟಿಯಲ್ಲಿ ಉಪ್ಪು ಇಂಗು ಕಟ್ಟಿಕೊಂಡು ಹೋಗಿ.

ಬೆಳಿಗ್ಗೆ ಹತ್ತಕ್ಕೆ ಬ್ರೂಕ್‌ನಲ್ಲಿದ್ದರೆ ನಾಲ್ಕು ಗಂಟೆಯೊಳಗೆ ಆರಾಮಾಗಿ ಮೊನ್ನಿಕೆನ್‌ಡ್ಯಾಮ್ ಸೇರುತ್ತೀರಿ. ಮೇ ತಿಂಗಳಲ್ಲಿ ಒಂಬತ್ತಾದರೂ ಬೆಳಕಿರುತ್ತದೆ, ಅವಸರ ಬೇಡ. ಊರಿನ ನಡುವೆ ಗಂಟೆ ಗೋಪುರ ಇದೆ. ಅದರ ಗಂಟೆಗಳನ್ನು 16ನೇ ಶತಮಾನದ ಕೊನೆಯಲ್ಲಿ ಎರಕ ಹೊಯ್ದದ್ದು. ಪ್ರತಿ ಗಂಟೆಗೆ ಗೋಪುರದ ಹೊರಗೆ ಸಣ್ಣ ಕುದುರೆ ಸವಾರರು ಒಂದು ಸುತ್ತು ಬರುತ್ತಾರೆ. ಗಂಟೆ ಹೊಡೆಯಲು ಐದು ನಿಮಿಷ ಇರುವಾಗಲೇ ಕೆಳಗೆ ನಿಂತಿರಿ, ಆಟ ಬಹಳ ಹೊತ್ತು ಇರುವುದಿಲ್ಲ. ಅದನ್ನು ನೋಡಿಕೊಂಡು ಮುಖ್ಯ ರಸ್ತೆಯ ನಿಲ್ದಾಣಕ್ಕೆ ಬಂದರೆ ಸೆಂಟ್ರಾಲ್‌ಗೆ ಬಸ್ಸು ಸಿಗುತ್ತದೆ. ಬಸ್ಸಿನಲ್ಲಿ ಎಡಗಡೆ ಬಲಗಡೆ ಎಲ್ಲಿ ಕೂತರೂ ಸರಿ, ಶೂನಲ್ಲಿ ಕೆಸರಿದ್ದರೆ ಮಾತ್ರ ಮೊದಲು ಹುಲ್ಲಿಗೆ ಒರೆಸಿಕೊಂಡು ಹತ್ತಿ.